ತೋಳಿನ ತಲೆಯ ಮೇಲಿನ ಚಾರಾಣೆ

ರೆಕಾರ್ಡುಗಳ ಕಾಲ ಮುಗಿಯಿತೆಂದು ನನ್ನ ಮುಖದ ಮೇಲೆ ಹೇಳಿದವರೆಲ್ಲರ ಹೆಸರು ನನಗೆ ನೆನಪಿದೆ. ಅವರಲ್ಲಿ ಇಬ್ಬರು ಈಚೆಗೆ ಹೊಸ ಟರ್ನ್‌ಟೇಬಲ್ ಕೊಂಡು, ಅದು ಸರಿಯಾಗಿ ಹಾಡುತ್ತಿಲ್ಲವೆಂದು ನನ್ನ ಮನೆಗೇ ಬಂದರು. ನಾನು ಹಳೆಯ ಮಾತು ತೆಗೆಯಲಿಲ್ಲ. ಕುಳ್ಳಿರಿಸಿ, ನೀರು ಕೊಟ್ಟು, ಯಂತ್ರವನ್ನು ನೋಡಿ ಕಳುಹಿಸಿದೆ. ಹಳೆಯ ಮಾತು ತೆಗೆಯಲು ಈ ಬರಹವಿದೆ.

ಕಲಬುರಗಿಯಲ್ಲಿ ಈಗ ಕೆಲವು ತರುಣರು ಈ ಕೆಲಸಕ್ಕೆ ಕೈ ಹಾಕಿದ್ದಾರೆ. ನಿವೃತ್ತನಾದ ನನ್ನಲ್ಲಿಗೆ ಬಂದು, ಯಾವ ತೋಳಿಗೆ ಯಾವ ಕಾರ್ಟ್ರಿಜ್ ಹಾಕಬೇಕೆಂದು ಕೇಳುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತವರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ವಿಡಿಯೊಗಳನ್ನು ಮಾಡಿದವರು ತಣ್ಣನೆಯ ಊರುಗಳವರು, ಅವರ ಯಂತ್ರಗಳಿಗೆ ಯಾರೂ ಕುಂಕುಮ ಹಚ್ಚಿರುವುದಿಲ್ಲ. ಈ ಎರಡು ಸಂಗತಿಗಳಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದನ್ನು ಹೇಳಬೇಕಾದರೆ ಕಮಲಾಪುರದ ಶಾಂತಾ ಅಕ್ಕೋರ ಸಂಗತಿಯನ್ನು ಹೇಳಬೇಕು. ಅಕ್ಕೋರೆಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಅವರು ಶಾಲೆಯ ಕೆಲಸದ ಜೊತೆಗೆ ಮನೆಯಲ್ಲಿ ಹುಡುಗಿಯರಿಗೆ ಸಂಗೀತ ಹೇಳಿಕೊಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಯ ಉತ್ತರ: ತಮ್ಮ ಗುರುಗಳು ಒಂದು ರಾಗದಲ್ಲಿ ರಿಷಭ ಸ್ವರವನ್ನು ಹಾಡಿದ್ದರೋ ಇಲ್ಲವೋ.

ಮೊದಲು ಕೆಲಸವೇನೆಂದು ತಿಳಿಸುತ್ತೇನೆ. ರೆಕಾರ್ಡಿನ ಗೀರಿನಲ್ಲಿ ಸೂಜಿ ಓಡುತ್ತದೆ. ಆ ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿ ಮಾಡುವ ಬೆರಳ ತುದಿಯಷ್ಟಿನ ಪೆಟ್ಟಿಗೆ ಕಾರ್ಟ್ರಿಜ್. ಅದನ್ನು ಹೊತ್ತು ರೆಕಾರ್ಡಿನ ಮೇಲೆ ಸರಿಯುವ ಕೋಲು ಟೋನ್‌ಆರ್ಮ್. ನಾವು ಅದನ್ನು ತೋಳು ಎನ್ನುತ್ತಿದ್ದೆವು, ಅದರ ತುದಿಯನ್ನು ತಲೆ. ಸೂಜಿಯ ಕಡ್ಡಿ ಒಂದು ಸಣ್ಣ ರಬ್ಬರಿನಲ್ಲಿ ನೆಟ್ಟಿರುತ್ತದೆ. ರಬ್ಬರಿನ ದಾರಕ್ಕೆ ಕಲ್ಲು ಕಟ್ಟಿ ತೂಗಬಿಟ್ಟು ನೋಡಿರಿ: ಅದು ತನ್ನದೇ ಒಂದು ವೇಗದಲ್ಲಿ ಮೇಲೆ ಕೆಳಗೆ ಕುಣಿಯುತ್ತದೆ. ಇಲ್ಲಿ ತೋಳೇ ಕಲ್ಲು, ಸೂಜಿಯ ರಬ್ಬರೇ ದಾರ. ಆ ಕುಣಿತ ತೀರ ನಿಧಾನವಾದರೆ ರೆಕಾರ್ಡಿನ ಉಬ್ಬುತಗ್ಗುಗಳೂ ಕೋಣೆಯಲ್ಲಿ ನಡೆದಾಡುವವರ ಹೆಜ್ಜೆಗಳೂ ಅದನ್ನು ಕೆಣಕುತ್ತವೆ. ತೀರ ಚುರುಕಾದರೆ ಹಾಡಿನ ಕೆಳಗಿನ ಸ್ವರಗಳೇ ಕೆಣಕುತ್ತವೆ. ಸೆಕೆಂಡಿಗೆ ಹತ್ತು ಸಲದ ಆಸುಪಾಸಿನಲ್ಲಿದ್ದರೆ ಎರಡರ ಕಾಟವೂ ಇಲ್ಲ. ಹಗುರ ತೋಳಿಗೆ ಮೆದು ರಬ್ಬರು, ಭಾರದ ತೋಳಿಗೆ ಬಿರುಸು ರಬ್ಬರು. ಇಷ್ಟೇ ವಿದ್ಯೆ. ಇಷ್ಟನ್ನು ಜನರಿಂದ ಒಪ್ಪಿಸಿಕೊಳ್ಳಲು ನನಗೆ ಒಂದು ಆಯುಷ್ಯವೇ ಬೇಕಾಯಿತು.

ನಾನು ಕೆಲಸ ಕಲಿತದ್ದು ಕಲಬುರಗಿಯ ಬ್ರಹ್ಮಪುರ ಬಡಾವಣೆಯ ಅಂಚಿನಲ್ಲಿದ್ದ ಗುರುಲಿಂಗಪ್ಪ ಸಾವಕಾರರ ಅಂಗಡಿಯಲ್ಲಿ. ರೇಡಿಯೊ, ಮೈಕ್ ಸೆಟ್ಟು, ರೆಕಾರ್ಡ್ ಪ್ಲೇಯರುಗಳ ಮಾರಾಟ ಮತ್ತು ದುರಸ್ತಿ. ಸಾವಕಾರರು ಕೆಟ್ಟವರಲ್ಲ. ಬೆಸುಗೆ ಹಾಕುವುದನ್ನು ನನ್ನ ಕೈ ಹಿಡಿದು ಕಲಿಸಿದವರು ಅವರೇ. ಇದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಆದರೆ ಅವರಿಗೆ ತೂಕದ ಲೆಕ್ಕವೆಂದರೆ ಆಗುತ್ತಿರಲಿಲ್ಲ. ಸೂಜಿ ರೆಕಾರ್ಡಿನ ಮೇಲೆ ಎಷ್ಟು ಭಾರ ಬಿಡುತ್ತಿದೆಯೆಂದು ಅಳೆಯಲು ನಾನು ಅಕ್ಕಸಾಲಿಗರ ಸಣ್ಣ ತಕ್ಕಡಿಯೊಂದನ್ನು ತಂದು ಇಟ್ಟುಕೊಂಡಾಗ ಅವರು ನನಗೆ ‘ಗ್ರಾಂ ಮಾಸ್ತರ’ ಎಂದು ಹೆಸರಿಟ್ಟರು. ಗಿರಾಕಿಗಳೂ ಅದನ್ನೇ ಹಿಡಿದರು. ನನ್ನ ತಂದೆ ತಾಯಿ ಇಟ್ಟ ಹೆಸರು ಸಂಗಣ್ಣ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಯಾವ ಯಂತ್ರ ಮಾರಾಟವಾದರೂ ಕೊಡುವ ಮೊದಲು ಸಾವಕಾರರು ಅದಕ್ಕೆ ಕುಂಕುಮ ಹಚ್ಚಿ, ಒಂದು ಚಾರಾಣೆಯ, ಅಂದರೆ ಇಪ್ಪತ್ತೈದು ಪೈಸೆಯ, ನಾಣ್ಯವನ್ನು ಟೇಪಿನಿಂದ ಅಂಟಿಸಿ, ಕೈ ಮುಗಿದು ಕೊಡುತ್ತಿದ್ದರು. ಅದು ಲಕ್ಷ್ಮಿ, ಅದನ್ನು ತೆಗೆಯಬಾರದು. ರೇಡಿಯೊದ ಪೆಟ್ಟಿಗೆಯ ಮೇಲೆ ಚಾರಾಣೆ ಕೂತರೆ ಯಾರಿಗೂ ಬಾಧೆಯಿಲ್ಲ. ರೆಕಾರ್ಡ್ ಪ್ಲೇಯರಿಗೆ ಬಂದಾಗ ಮಾತ್ರ ಅವರು ಅದನ್ನು ತೋಳಿನ ತಲೆಯ ಮೇಲೆಯೇ ಅಂಟಿಸುತ್ತಿದ್ದರು. “ಪೂಜಾನೂ ಆತು, ಸೂಜಿ ಜಿಗಿಯೂದೂ ನಿಂತ್ತು” ಎಂಬುದು ಅವರ ಮಾತು. ಮೈಕ್ ಸೆಟ್ಟಿನ ಹಳೆಯ ಬಿರುಸು ಕಾರ್ಟ್ರಿಜ್‌ಗಳಿಗೆ ಅದು ನಡೆಯುತ್ತಿತ್ತು. ಅವು ರೆಕಾರ್ಡನ್ನು ಉಳುತ್ತಲೇ ಹಾಡುವ ಜಾತಿಯವು; ಇನ್ನೊಂದು ಚಾರಾಣೆಯ ಭಾರ ಬಿದ್ದರೂ ಅವಕ್ಕೆ ಗೊತ್ತಾಗುವುದಿಲ್ಲ.

ಕಾಲ ಬದಲಾದದ್ದು ಆ ಮೇಲೆ. ಹೊರದೇಶದಲ್ಲಿ ದುಡಿದು ಬಂದವರು ಜಪಾನಿನ ಟರ್ನ್‌ಟೇಬಲ್ಲುಗಳನ್ನು ತರತೊಡಗಿದರು. ಅವುಗಳ ತೋಳು ತೆಳು, ಕಾರ್ಟ್ರಿಜ್ ಮೆದು. ಸಾವಕಾರರು ಮೊದಲನೆಯದನ್ನು ಹಳೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೇ ಜೋಡಿಸಿ, ಮೋಮಿನಪುರದ ಒಂದು ಮದುವೆಗೆ ಕಳುಹಿಸಿದರು. ಅಂಥ ಕಾರ್ಟ್ರಿಜ್‌ನಿಂದ ಬರುವ ವಿದ್ಯುತ್ತು ಬಹಳ ಕ್ಷೀಣ. ನಡುವೆ ಇನ್ನೊಂದು ಸಣ್ಣ ಆಂಪ್ಲಿಫೈಯರ್ ಬೇಕು. ನಾನು ಹೇಳಿದ್ದೆ. ಮರುದಿನ ಮದುವಣಿಗನ ಕಾಕಾ ಅಂಗಡಿಗೆ ಬಂದು ನಿಂತು, “ಸಾವಕಾರ್, ಖವ್ವಾಲಿ ಹಚ್ಚಂದ್ರ ಡಬ್ಬ್ಯಾಗ ನೊಣ ಹಾಕಿ ಕಳಿಸೀರೇನ್ರೀ” ಎಂದ. ಸಾವಕಾರರು ನನ್ನ ಕಡೆಗೆ ಬೆರಳು ತೋರಿಸಿ, “ಇಂವಾ ನೋಡ್ರಿ ಜೋಡಿಸಿದಾಂವ” ಎಂದರು. ಜೋಡಿಸಿದವನು ನಾನಲ್ಲ. ಅಷ್ಟೇ ಇಲ್ಲಿ ದಾಖಲಿಸುತ್ತೇನೆ.

ಬೇಸಿಗೆಯ ಪಾಠವೂ ಅಲ್ಲಿಯೇ ಆಯಿತು. ಒಬ್ಬ ವಕೀಲರಿಗೆ ಚಳಿಗಾಲದಲ್ಲಿ ಒಂದು ಜಪಾನಿ ಯಂತ್ರವನ್ನು ಪುಸ್ತಕದಲ್ಲಿ ಹೇಳಿದಂತೆ ಹೊಂದಿಸಿ ಕೊಟ್ಟಿದ್ದೆ. ತೋಳಿನ ಭಾರ, ಕಾರ್ಟ್ರಿಜ್‌ನ ಭಾರ, ರಬ್ಬರಿನ ಮೆದುತನ ಎಲ್ಲವೂ ಕೂಡಿ ಸರಿಯಾಗಿ ಹತ್ತಕ್ಕೆ ಬಂದಿತ್ತು. ಬೇಸಿಗೆ ಏರಿದಾಗ ಅವರು ಯಂತ್ರವನ್ನು ತಂದು ಕೌಂಟರಿನ ಮೇಲೆ ಕುಕ್ಕಿದರು. ಹೆಜ್ಜೆ ಇಟ್ಟರೆ ಸೂಜಿ ಜಿಗಿಯುತ್ತದೆ, ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗುತ್ತದೆ.

“ಚಳಿಗಾಲದ ಕೋಟ್ ಇದ್ದಂಗ ಅದಲ್ಲೋ ನಿನ್ನ ಕೆಲಸ. ಹೋಳಿ ದಾಟಿತಂದ್ರ ತೆಗೆದಿಡಬೇಕು” ಎಂದರು ವಕೀಲರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ಮಾತನ್ನು ಅವರು ಕೊನೆಯವರೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾನು ಒಂದೇ ಬಗೆಯ ಎರಡು ಕಾರ್ಟ್ರಿಜ್‌ಗಳನ್ನು ತೆಗೆದುಕೊಂಡು, ಒಂದನ್ನು ಪತ್ರಾಸಿನ, ಎಂದರೆ ತಗಡಿನ, ಸೂರಿನ ಕೆಳಗಿನ ಕಬ್ಬಿಣದ ಟ್ರಂಕಿನಲ್ಲೂ ಇನ್ನೊಂದನ್ನು ಡಬ್ಬಿಯಲ್ಲಿ ಹಾಕಿ ನೀರಿನ ಗಡಿಗೆಯ ಪಕ್ಕದಲ್ಲೂ ಇಟ್ಟೆ. ಮಧ್ಯಾಹ್ನ ಎರಡನ್ನೂ ಒಂದೇ ತೋಳಿಗೆ ಹಾಕಿ ನೋಡಿದೆ. ಟ್ರಂಕಿನಲ್ಲಿದ್ದದ್ದು ಕೆಳಕ್ಕೆ ಕುಸಿದು, ಎರಡನೆಯ ಹೆಜ್ಜೆಗೇ ತೂರಾಡಿತು. ಗಡಿಗೆಯ ಪಕ್ಕದ್ದು ನೆಟ್ಟಗೆ ನಿಂತು ಹಾಡಿತು. ಪುಸ್ತಕದ ಮೆದುತನ ತಣ್ಣನೆಯ ಕೋಣೆಯಲ್ಲಿ ಅಳೆದದ್ದು. ನಮ್ಮ ಬಿಸಿಲಿಗೆ ರಬ್ಬರು ಇನ್ನೂ ಮೆದುವಾಗುತ್ತದೆ. ಅಂದಿನಿಂದ ನಾನು ಕಲಬುರಗಿಯಲ್ಲಿ ಯಾವ ಯಂತ್ರವನ್ನೂ ಚಳಿಗಾಲದ ಲೆಕ್ಕಕ್ಕೆ ಹೊಂದಿಸಲಿಲ್ಲ. ಪುಸ್ತಕ ಹೇಳುವುದಕ್ಕಿಂತ ಒಂದು ಮಟ್ಟ ಬಿರುಸಾದ ಕಾರ್ಟ್ರಿಜ್ ಆರಿಸುತ್ತಿದ್ದೆ. ಚಳಿಯಲ್ಲಿ ಅದು ಸ್ವಲ್ಪ ಗಡುಸಾಗಿ ಹಾಡುತ್ತದೆ, ಬೇಸಿಗೆಯಲ್ಲಿ ಬದುಕುತ್ತದೆ. ನಮ್ಮ ಊರಿನಲ್ಲಿ ಬೇಸಿಗೆಯೇ ಹೆಚ್ಚು.

ಇದಾದ ಮರುವರ್ಷ ಶಾಂತಾ ಅಕ್ಕೋರು ಅಂಗಡಿಗೆ ಬಂದರು. ಆಗ ಅವರು ನಡುವಯಸ್ಸಿಗೆ ಬಂದಿರಲಿಲ್ಲ. ಯಾರೋ ಮಾರಿದ್ದ ಜಪಾನಿ ಟರ್ನ್‌ಟೇಬಲ್ಲೊಂದು ಅಂಗಡಿಯಲ್ಲಿತ್ತು; ಅದನ್ನು ಕೊಳ್ಳಲು ಬಂದಿದ್ದರು. ಕಾರಣವನ್ನು ಅವರೇ ಹೇಳಿದರು. ಅವರ ಗುರುಗಳು ಸೊಲ್ಲಾಪುರದ ಕಡೆಯವರು. ಪೂರಿಯಾ ರಾಗವನ್ನು ಕಲಿಸುವ ಮೊದಲೇ ತೀರಿಕೊಂಡಿದ್ದರು. ಅವರು ಹಾಡಿದ ಪೂರಿಯಾ ಒಂದೇ ಒಂದು ರೆಕಾರ್ಡಿನಲ್ಲಿ ಉಳಿದಿತ್ತು; ಗುರುಪತ್ನಿ ಅದನ್ನು ಪಾರ್ಸೆಲ್ ಮಾಡಿ ಕಳುಹಿಸುವವರಿದ್ದರು.

“ನನಗ ಈಗ ಅದಾ ಗುರು ನೋಡ್ರಿ” ಎಂದರು ಅಕ್ಕೋರು. “ಹಾಡೋ ಡಬ್ಬಿ ಛಲೋ ಇರಬೇಕು.”

ನಾನು ಆ ಯಂತ್ರದ ತೋಳನ್ನು ತೂಗಿ, ಅದಕ್ಕೆ ಹೊಂದುವ ಕಾರ್ಟ್ರಿಜ್ ಹಾಕಿ, ಸೂಜಿಯ ಭಾರವನ್ನು ಎರಡು ಗ್ರಾಮಿಗೆ ನಿಲ್ಲಿಸಿ ಕೊಟ್ಟೆ. ಸಾವಕಾರರು ಕುಂಕುಮದ ಡಬ್ಬಿ ತೆಗೆದರು. ನಾನು ಅವರ ಕೈ ಹಿಡಿದೆ. ಹಾಗೆ ಹಿಡಿದದ್ದು ಅದೇ ಮೊದಲು.

“ಸಾವಕಾರ್ರೆ, ಪೆಟ್ಟಿಗಿ ಮ್ಯಾಲ ಹಚ್ರಿ. ತಲಿ ಮ್ಯಾಲ ಬ್ಯಾಡ್ರಿ. ಎರಡು ಗ್ರಾಂ ಇದ್ದದ್ದು ನಾಲ್ಕೂವರಿ ಆಗ್ತದ. ರಬ್ಬರ್ ಕುಸೀತದ.”

ಸಾವಕಾರರು ಅಕ್ಕೋರ ಕಡೆಗೆ ತಿರುಗಿದರು. “ಇಂವಾ ನಿಮ್ಮೂರಾಂವನೇ ನೋಡ್ರಿ ಅಕ್ಕೋರೆ, ಕಮಲಾಪುರದಾಂವ. ಬಾಳಿಹಣ್ಣ ತೂಗೂದು ಬಿಟ್ಟು ಇಲ್ಲಿ ಸೂಜಿ ತೂಗ್ಲಾಕ ಬಂದಾನ.”

ಕಮಲಾಪುರದ ಕೆಂಪು ಬಾಳೆ ಹೆಸರಾದದ್ದು. ನಮ್ಮ ಮನೆಯವರು ಅದನ್ನು ಬೆಳೆದವರೂ ಹೌದು. ನಾಚಿಕೆಪಡುವ ಸಂಗತಿ ಅದರಲ್ಲಿಲ್ಲ. ಆದರೂ ಅಂಗಡಿಯಲ್ಲಿ ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು. ಚಾರಾಣೆ ತೋಳಿನ ತಲೆಯ ಮೇಲೆ ಕುಳಿತಿತು. ಯಂತ್ರ ಕಮಲಾಪುರಕ್ಕೆ ಹೋಯಿತು.

ಆ ತಿಂಗಳು ಮುಗಿಸಿ ನಾನು ಅಂಗಡಿ ಬಿಟ್ಟೆ. ಮೋಮಿನಪುರದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಕರೀಮ್ ಭಾಯಿ ತನ್ನ ಅಂಗಡಿಯ ಅರ್ಧ ಮೇಜನ್ನು ನನಗೆ ಕೊಟ್ಟ. ಅವನೂ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂದಲೆಳೆಯಂಥ ವಸ್ತುಗಳ ಜೊತೆ ಬದುಕುವವನು; ಗ್ರಾಮಿನ ಮಾತಿಗೆ ನಗುತ್ತಿರಲಿಲ್ಲ. ಅಲ್ಲಿ ನಾನು ವೃತ್ತಿಯ ಉಳಿದ ವರ್ಷಗಳನ್ನೆಲ್ಲ ಕಳೆದೆ. ಕ್ಯಾಸೆಟ್ಟು ಬಂದಿತು, ಸಿ.ಡಿ. ಬಂದಿತು, ಎರಡೂ ಹೋದವು. ನಡುವೆ ಎಷ್ಟೋ ದಿನ ನನ್ನ ಮೇಜಿಗೆ ಬರಿಯ ಮಿಕ್ಸರುಗಳೇ ಬರುತ್ತಿದ್ದವು. ಸಾವಕಾರರೂ ತೀರಿಕೊಂಡರು. ಯಾರಾದರೂ ತಲೆಯ ಮೇಲೆ ಚಾರಾಣೆ ಅಂಟಿದ ಯಂತ್ರ ತಂದರೆ ನಾನು ಟೇಪು ಕೀಳುತ್ತ ಕಾರಣಗಳನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೆ.

“ಸಂಗಣ್ಣ ಭಾಯಿ,” ಎನ್ನುತ್ತಿದ್ದ ಕರೀಮ್, ಗಡಿಯಾರದಿಂದ ಕಣ್ಣೆತ್ತದೆ, “ಸಾವಕಾರ ಗುಜರ್ ಗಯೇ. ನೀ ಇನ್ನಾ ಅವನ ಸಂಗಟ ಜಗಳ ಆಡ್ಲಾಕತ್ತಿ. ಜವಾಬ್ ಕೊಡ್ಲಾಕ ಆಂವ ಎಲ್ಲಿ ಬರ್ತಾನ?”

“ಜವಾಬ್ ಬ್ಯಾಡ. ಕೇಳಿದ್ರ ಸಾಕು” ಎನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಶಾಂತಾ ಅಕ್ಕೋರು ಆ ಮೇಜಿನ ಮುಂದೆ ಬಂದು ಕುಳಿತರು. ಕೂದಲು ಪೂರ್ಣ ಬೆಳ್ಳಗಾಗಿತ್ತು. ಜೊತೆಯಲ್ಲಿ ಮಹಾನಂದಾ ಎಂಬ ಶಿಷ್ಯೆ. ಹುಡುಗಿಯ ಮುಖ ಸಪ್ಪಗಿತ್ತು.

ಸಂಗತಿ ಹೀಗೆ. ಪೂರಿಯಾದ ಆಲಾಪದ ಮೊದಲಲ್ಲಿ ಹಾಡುಗಾರ ಕೆಳಗಿನ ನಿಷಾದದಿಂದ ಕೋಮಲ ರಿಷಭವನ್ನು ಹಾಯ್ದು ಗಾಂಧಾರಕ್ಕೆ ಏರುತ್ತಾನೆ. ಅಕ್ಕೋರ ಗುರುಗಳು ರೆಕಾರ್ಡಿನಲ್ಲಿ ಒಂದು ಕಡೆ ಹಾಗೆ ಮಾಡುವುದಿಲ್ಲ. ನಿಷಾದದಿಂದ ಒಮ್ಮೆಲೇ ಗಾಂಧಾರಕ್ಕೆ ನೆಗೆಯುತ್ತಾರೆ. ಅದು ಗುರುಗಳ ವಿಶೇಷವೆಂದು ತಿಳಿದು ಅಕ್ಕೋರು ಆ ನೆಗೆತವನ್ನೇ ಕಲಿತರು, ಕಲಿಸಿದರು. ಅವರ ಶಿಷ್ಯೆಯರನ್ನು ಗುರುತಿಸುವುದೇ ಆ ನೆಗೆತದಿಂದ ಎಂಬಷ್ಟು ಅದು ಹೆಸರಾಗಿತ್ತು. ಈಗ ಸಂಗೀತ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಮಹಾನಂದಾಳನ್ನು ಅಲ್ಲಿಯೇ ತಡೆದು, ರಿಷಭವನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದೆಯಾ ಎಂದು ಕೇಳಿದರಂತೆ. ನಮ್ಮ ಗುರುಗಳು ಹೀಗೆಯೇ ಹಾಡಿದ್ದಾರೆ, ರೆಕಾರ್ಡಿದೆ, ಎಂದರಂತೆ ಅಲ್ಲಿಯೇ ಇದ್ದ ಅಕ್ಕೋರು. ಹಾಗಾದರೆ ನಿಮ್ಮ ರೆಕಾರ್ಡು ಕೆಟ್ಟಿದೆ ಎಂದರಂತೆ ಪರೀಕ್ಷಕರು. ಮಹಾನಂದಾ ಮತ್ತೊಮ್ಮೆ ಪರೀಕ್ಷೆಗೆ ಕೂರುವವಳಿದ್ದಳು.

“ಸಂಗಣ್ಣೋರೆ, ಸುತ್ತಿ ಬಳಸಿ ಹೇಳಬ್ಯಾಡ್ರಿ” ಎಂದರು ಅಕ್ಕೋರು. “ನಮ್ಮ ಗುರುಗಳು ಜಿಗಿದಾರೋ, ಸೂಜಿ ಜಿಗಿದದೋ? ಸೂಜಿ ಜಿಗಿದಿದ್ರ ನಾ ಇಷ್ಟ ವರ್ಷ ಹುಡುಗ್ಯಾರಿಗೆ ಏನ್ ಕಲಿಸೀನಿ ಅನ್ನೂದರೆ ಗೊತ್ತಾಗ್ಲಿ. ಗುರುಗಳೇ ಜಿಗಿದಿದ್ರ ಆ ಪರೀಕ್ಷಾದವರ ಮುಂದ ಹೋಗಿ ನಿಂದರ್ತೀನಿ.”

ನಾನು ಕೇಳಿದೆ: “ತಲಿ ಮ್ಯಾಲಿನ ಚಾರಾಣಿ ಇನ್ನಾ ಅದ ಏನ್ರಿ?”

“ಇನ್ನಾ ಅದ ರೀ. ಲಕ್ಷ್ಮಿ ಅದು. ತೆಗೀಬಾರದಂತ ಸಾವಕಾರ್ರೇ ಹೇಳ್ಯಾರ.”

“ಅವತ್ತ ನಾ ಬ್ಯಾಡಂದಾಗ ನೀವು ನಕ್ಕಿದ್ರಿ.”

ಕರೀಮ್ ಭಾಯಿ ಕೆಮ್ಮಿದ. ಅಕ್ಕೋರು ನನ್ನ ಕಡೆಗೇ ತಿರುಗಿದರು. “ನಕ್ಕಿದ್ದೆ ನೋಡ್ರಿ. ಬಾಳಿಹಣ್ಣಿನ ಮಾತು ನಗೋ ಹಂಗೇ ಇತ್ತು. ನೀವು ಇಷ್ಟ ದಿನಾ ಅದನ್ನ ಇಟಗೊಂಡು ಕುಂತೀರಿ ಅಂತ ನನಗೇನ್ ಗೊತ್ತು? ಈಗ ಬರ್ತೀರೋ ಇಲ್ಲೋ?”

ಮರುದಿನ ಮಧ್ಯಾಹ್ನದ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ತಕ್ಕಡಿ, ಸಣ್ಣ ಸ್ಕ್ರೂಡ್ರೈವರುಗಳು, ಬೇರೆ ಬೇರೆ ಬಿರುಸಿನ ಕೆಲವು ಕಾರ್ಟ್ರಿಜ್‌ಗಳು ಚೀಲದಲ್ಲಿದ್ದವು. ಬೇಕೆಂದೇ ಮಧ್ಯಾಹ್ನವನ್ನು ಆರಿಸಿಕೊಂಡಿದ್ದೆ. ಯಂತ್ರ ದಿನವೂ ಹಾಡುವ ಬಿಸಿಯಲ್ಲಿಯೇ ಅದನ್ನು ನೋಡಬೇಕು. ಬೆಳಿಗ್ಗೆ ತಂಪಿನಲ್ಲಿ ನೋಡಿ ಬಂದವನಿಗೆ ಅದು ಸುಳ್ಳು ಹೇಳುತ್ತದೆ.

ಅಕ್ಕೋರ ಪಡಸಾಲೆಯಲ್ಲಿ ನೆಲಕ್ಕೆಲ್ಲ ಫರಸಿ ಕಲ್ಲು. ಗಟ್ಟಿ ನೆಲ, ಅದರಲ್ಲಿ ದೋಷವಿಲ್ಲ. ಆದರೆ ಯಂತ್ರವನ್ನಿಟ್ಟ ಮೇಜಿಗೇ ತಾಗಿಸಿ ಏರ್ ಕೂಲರನ್ನು ನಿಲ್ಲಿಸಿದ್ದರು. ಅದರ ನಡುಕವೆಲ್ಲ ಮೇಜಿಗೆ ಬರುತ್ತಿತ್ತು.

“ಕೂಲರ್ ಬಂದ್ ಮಾಡ್ರಿ” ಎಂದೆ.

“ಈ ಬಿಸಿಲಾಗ ಕೂಲರ್ ಬಂದ್ ಮಾಡಿದ್ರ ರಿಷಭ ಸಿಗೂದ್ರೊಳಗ ನಾ ಹೋಗಿರ್ತೀನಿ” ಎಂದರು ಅಕ್ಕೋರು. ಆದರೂ ಬಂದ್ ಮಾಡಿಸಿದರು. ಮಹಾನಂದಾ ಬೀಸಣಿಗೆ ಹಿಡಿದು ಗುರುವಿನ ಪಕ್ಕದಲ್ಲಿ ಕುಳಿತಳು.

ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ಬೇಸಿಗೆಯ ಪಾರ್ಸೆಲ್ಲಿನಲ್ಲಿ ಬಂದದ್ದು. ಹುರಿ ಬಿಗಿದ ಜಾಗದಲ್ಲಿ ಅಂಚಿನ ಹತ್ತಿರ ಒಂದು ಉಬ್ಬು ಎದ್ದಿತ್ತು. ಅಂದರೆ ಆ ಮನೆಗೆ ಅದು ಬಂದದ್ದೇ ಉಬ್ಬಿನೊಂದಿಗೆ; ಉಬ್ಬಿಲ್ಲದೆ ಅದು ಹಾಡಿದ್ದನ್ನು ಅಕ್ಕೋರು ಒಮ್ಮೆಯೂ ಕೇಳಿರಲಿಲ್ಲ. ಗೀರುಗಳು ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದವು. ನಾಲ್ಕೂವರೆ ಗ್ರಾಮಿನ ಭಾರ ಎಂಥ ರೆಕಾರ್ಡನ್ನಾದರೂ ಹಾಗೆ ಮಾಡುತ್ತದೆ.

ಮೊದಲು ಇದ್ದಂತೆಯೇ ಹಾಡಿಸಿದೆ. ಸೂಜಿ ಉಬ್ಬನ್ನು ಏರುವಾಗ ರಬ್ಬರು ಕುಸಿದು, ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗಿ, ತೋಳು ಪುಟಿಯಿತು. ನಿಷಾದ, ಒಂದು ಟಿಕ್, ಗಾಂಧಾರ. ಸವೆದ ರೆಕಾರ್ಡಿನ ಇತರ ನೂರು ಟಿಕ್‌ಗಳಲ್ಲಿ ಅದೂ ಒಂದು. ಆಲಾಪದಲ್ಲಿ ತಬಲಾ ಇರುವುದಿಲ್ಲ. ಇದ್ದಿದ್ದರೆ ತಾಳ ತಪ್ಪಿದ್ದು ಅಕ್ಕೋರಿಗೆ ಮೊದಲ ದಿನವೇ ತಿಳಿಯುತ್ತಿತ್ತು.

ಸೂಜಿ ಪುಟಿದದ್ದು ಕಣ್ಣಿಗೆ ಕಂಡಿತ್ತು. ಆದರೆ ಪುಟಿದ ಜಾಗದಲ್ಲಿ ಗುರುಗಳು ಏನು ಹಾಡಿದ್ದರೆಂಬುದು ಇನ್ನೂ ಗೊತ್ತಾಗಿರಲಿಲ್ಲ. ಅಲ್ಲಿ ನಿಷಾದವೇ ಉದ್ದಕ್ಕೆ ನಿಂತಿದ್ದರೂ ಇರಬಹುದಾಗಿತ್ತು.

ಚಾರಾಣೆಗೆ ಕೈ ಹಚ್ಚಿದೆ. “ನೀವ್ ಮುಟ್ಟಬ್ಯಾಡ್ರಿ” ಎಂದರು ಅಕ್ಕೋರು. ತಾವೇ ಎದ್ದು ಬಂದು, ಒಣಗಿ ಹಳದಿಯಾಗಿದ್ದ ಟೇಪನ್ನು ಉಗುರಿನಿಂದ ಬಿಡಿಸಿ, ನಾಣ್ಯವನ್ನು ಕಣ್ಣಿಗೆ ಒತ್ತಿಕೊಂಡು ದೇವರ ಜಗಲಿಯ ಮೇಲಿಟ್ಟು ಬಂದರು. ನಾನು ಸೂಜಿಯ ಭಾರವನ್ನು ಎರಡು ಗ್ರಾಮಿಗೆ ತಂದು ಮತ್ತೆ ಹಾಡಿಸಿದೆ. ನಿಷಾದ, ಟಿಕ್, ಗಾಂಧಾರ.

ಮಹಾನಂದಾಳ ಬೀಸಣಿಗೆ ನಿಂತಿತು.

“ಹಂಗಾದ್ರ ಗುರುಗಳೇ ಜಿಗಿದಾರ” ಎಂದರು ಅಕ್ಕೋರು. ಅವರ ದನಿಯಲ್ಲಿ ಗೆದ್ದ ಸಮಾಧಾನವೇನೂ ಇರಲಿಲ್ಲ.

“ಇಲ್ರಿ. ಸೂಜಿ ಈಗೂ ಜಿಗೀತು, ನಾ ನೋಡಿದೆ. ಇಷ್ಟ ವರ್ಷ ಚಾರಾಣಿ ಹೊತ್ತು ಈ ರಬ್ಬರ್ ಸತ್ತು ಹೋಗ್ಯದ. ಭಾರ ಇಳಿಸಿದ್ರೂ ಏಳಲೊಲ್ದು.”

ಹಳೆಯ ಕಾರ್ಟ್ರಿಜ್ ಬಿಚ್ಚಿದೆ. ಪುಸ್ತಕದ ಪ್ರಕಾರ ಆ ತೆಳುವಾದ ತೋಳಿಗೆ ಮೆದುವಾದದ್ದೇ ಬೇಕು. ಆ ಕೋಣೆಯ ಬಿಸಿಯಲ್ಲಿ ಮೆದುವಾದದ್ದು ಉಬ್ಬನ್ನು ತಾಳಲಾರದು. ನಾನು ಮೊದಲ ಸಲದಂತೆಯೇ ಒಂದು ಮಟ್ಟ ಬಿರುಸಾದದ್ದನ್ನು ತೆಗೆದು, ಡಬ್ಬಿಯ ಮುಚ್ಚಳ ತೆರೆದು, ಕಿಟಕಿಯ ಹತ್ತಿರ ಇಟ್ಟು ಕಾದೆ. ಅದು ಕೋಣೆಯ ಬಿಸಿಗೆ ಬರಬೇಕಾಗಿತ್ತು.

“ಇದೇನ್ರಿ, ಹಪ್ಪಳ ಒಣಗಿಸಿದಂಗ” ಎಂದರು ಅಕ್ಕೋರು.

“ಇದು ನಮ್ಮೂರ ಪದ್ಧತಿರಿ” ಎಂದೆ.

ಆಮೇಲೆ ಅದನ್ನು ತಲೆಗೆ ಕೂರಿಸಿ, ಸೂಜಿ ಗೀರಿಗೆ ನೇರವಾಗಿದೆಯೇ ಎಂದು ಎರಡು ಕಡೆ ನೋಡಿ, ತೂಗಿ, ತೋಳಿನ ಹಿಂಬದಿಯನ್ನು ಕೂದಲೆಳೆಯಷ್ಟು ಇಳಿಸಿದೆ. ಖಾಲಿ ಜಾಗದಲ್ಲಿ ಸೂಜಿ ಇಳಿಸಿ ಮೇಜನ್ನು ಬೆರಳಿನಿಂದ ತಟ್ಟಿದೆ; ತೋಳು ಒಮ್ಮೆ ಅಲುಗಿ ತಟ್ಟನೆ ನಿಂತಿತು. ಹಳೆಯದು ತೂಗಾಡುತ್ತಲೇ ಇರುತ್ತಿತ್ತು. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ; ತರುಣರು ಇದನ್ನು ಗಮನಿಸಬೇಕು.

ಆಲಾಪ ಶುರುವಾಯಿತು. ಸವೆದ ಗೀರುಗಳ ಚಟಪಟ ಶಬ್ದದ ಹಿಂದೆ ಗುರುಗಳ ದನಿ ದೂರದಿಂದ ಬರುತ್ತಿತ್ತು. ತೋಳು ಉಬ್ಬನ್ನು ಏರಿತು, ಇಳಿಯಿತು. ಸೂಜಿ ಗೀರು ಬಿಡಲಿಲ್ಲ.

ಆಗ ಕೇಳಿಸಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ, ನಿರೀಕ್ಷಿಸಬೇಕಾಗಿತ್ತು. ಚಟಪಟ ಶಬ್ದ ಒಮ್ಮೆಲೇ ನಿಂತಿತು. ನಿಷಾದದಿಂದ ಎದ್ದ ರಿಷಭ, ನಿಧಾನವಾಗಿ, ಗಾಂಧಾರದ ಹತ್ತಿರ ಹೋಗಿ ಹಿಂದಕ್ಕೆ ಬಂದು, ಇನ್ನೊಮ್ಮೆ ಹೋಗಿ, ಗಾಂಧಾರವನ್ನು ಸೇರಿತು. ದನಿ ಅಷ್ಟು ಹೊತ್ತು ಪಕ್ಕದಲ್ಲಿ ಕುಳಿತು ಹಾಡಿದಂತಿತ್ತು. ಮರುಕ್ಷಣ ಚಟಪಟ ಮತ್ತೆ ಶುರುವಾಗಿ ಗುರುಗಳು ದೂರ ಹೋದರು. ಸೂಜಿ ಇಷ್ಟು ವರ್ಷ ಹಾರಿ ದಾಟಿದ್ದರಿಂದ ಆ ಎರಡು ಮೂರು ಸುತ್ತುಗಳನ್ನು ಯಾವ ಸೂಜಿಯೂ ಮುಟ್ಟಿರಲಿಲ್ಲ. ಇಡೀ ರೆಕಾರ್ಡಿನಲ್ಲಿ ಸವೆಯದೆ ಉಳಿದದ್ದು ಆ ರಿಷಭ ಒಂದೇ.

ಅಕ್ಕೋರು ಕಣ್ಣು ಮುಚ್ಚಿಕೊಂಡಿದ್ದರು. “ಇನ್ನೊಮ್ಮೆ” ಎಂದರು. ಇನ್ನೊಮ್ಮೆ ಹಾಡಿಸಿದೆ. ಮತ್ತೂ ಒಮ್ಮೆ ಎಂದರು. ಆಮೇಲೆ ಕೈ ಎತ್ತಿದರು.

“ಸಾಕು. ಸೂಜಿ ಎತ್ರಿ. ಇದನ್ನರೆ ಸವೆಸೂದು ಬ್ಯಾಡ.”

ತಾವೇ ಹಾಡಲು ತೊಡಗಿದರು. ನಿಷಾದದಲ್ಲಿ ನಿಂತು, ಉಸಿರು ತೆಗೆದುಕೊಂಡು, ರಿಷಭಕ್ಕೆಂದು ಹೊರಟರು. ದನಿ ನೇರ ಗಾಂಧಾರಕ್ಕೆ ಹೋಗಿ ನಿಂತಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ಗಾಂಧಾರ. ಮೂರನೆಯ ಸಲ ನಗು ಬಂದುಬಿಟ್ಟಿತು ಅವರಿಗೆ. ಬಹಳ ಹೊತ್ತು ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ನೋಡ್ರಿ ಸಂಗಣ್ಣೋರೆ. ಡಬ್ಬಿ ಮ್ಯಾಲಿಂದು ತೆಗೆದ್ವಿ. ನನ್ನ ಗಂಟಲಾಗ ಸಾವಕಾರ್ರ ಚಾರಾಣಿ ಕುಂತೇ ಅದ.”

ನಾನು ಆ ಗಳಿಗೆಗಾಗಿ ಬಹಳ ವರ್ಷಗಳಿಂದ ಕೆಲವು ಮಾತುಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಬಾಳೆಹಣ್ಣಿನ ಮಾತಿನಿಂದ ಆರಂಭವಾಗುವ ಮಾತುಗಳು. ಅಲ್ಲಿ ಅವುಗಳನ್ನು ಹೇಳಲಿಲ್ಲ. ಮಹಾನಂದಾ ಬೀಸಣಿಗೆ ಕೆಳಗಿಟ್ಟು, ಯಾರೂ ಹೇಳದೆಯೇ ನಿಷಾದ ಹಿಡಿದು, ರಿಷಭವನ್ನು ಮುಟ್ಟಿ, ಅಳುಕುತ್ತ ಗಾಂಧಾರಕ್ಕೆ ಹೋದಳು. ಅಕ್ಕೋರು ತಲೆ ಅಲ್ಲಾಡಿಸಿ, “ಅವಸರ ಮಾಡಬ್ಯಾಡ. ಅವರು ಒಮ್ಮೆ ಹಿಂದಕ್ಕ ಬಂದ್ರು, ಕೇಳಿಸ್ಕೊಂಡಿಲ್ಲೇನು?” ಎಂದರು. ತಮ್ಮ ಗಂಟಲಿಗೆ ಬಾರದ್ದನ್ನು ಅವರು ಅಂದೇ ಕಲಿಸಲು ಕುಳಿತರು. ನಾನು ಚೀಲ ಕಟ್ಟಿಕೊಂಡು ಹೊರಟಾಗಲೂ ಕೂಲರ್ ಹಚ್ಚಿರಲಿಲ್ಲ.

ಮಹಾನಂದಾ ಆ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಅದು ಅವಳ ಶ್ರಮ. ನಾನು ಹೆಚ್ಚಾಗಿ ಗಮನಿಸಿದ್ದು ಬೇರೊಂದನ್ನು. ಅಕ್ಕೋರು ತಮ್ಮ ಹಳೆಯ ಶಿಷ್ಯೆಯರ ಫೋನ್ ನಂಬರುಗಳನ್ನು ಹುಡುಕಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿದರಂತೆ: “ಪೂರಿಯಾದಾಗ ನಿನ್ನ ರಿಷಭ ಒಂದು ನನ್ನ ಹತ್ತಿರ ಉಳಿದದ. ಬಂದು ಒಯ್ಯವ್ವ.” ಕೆಲವರು ಬಂದರು, ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದವರೂ ಇದ್ದರು. ಕೆಲವರು ತಮಗೆ ನೆಗೆತವೇ ಇರಲಿ ಎಂದರಂತೆ. ಅದಕ್ಕೂ ಅಕ್ಕೋರು ಸಿಟ್ಟಾಗಲಿಲ್ಲ.

ಕರೀಮ್ ಭಾಯಿಗೆ ಇದನ್ನೆಲ್ಲ ಹೇಳಿದಾಗ ಅವನು, “ಹಂಗಾದ್ರ ನಿನ್ನ ಜಗಳ ಮುಗೀತು” ಎಂದ. ಮುಗಿದಿಲ್ಲ. ಸಾವಕಾರರು ಮಾಡಿದ್ದು ತಪ್ಪು. ಹಾಗೆಂದೇ ನಾನು ಬರೆದಿದ್ದೇನೆ, ತಿದ್ದುವುದಿಲ್ಲ. ಆದರೆ ಅವರು ಅಂಟಿಸಿದ ಚಾರಾಣೆ ಇಲ್ಲದಿದ್ದರೆ ಆ ರಿಷಭವೂ ಉಳಿದೆಲ್ಲದರಂತೆ ಸವೆದು ಹೋಗಿರುತ್ತಿತ್ತು ಎಂಬ ಲೆಕ್ಕವೂ ನನಗೆ ಮಾಡಲು ಬರುತ್ತದೆ. ಅದನ್ನು ಅವರ ಖಾತೆಗೆ ಹಾಕಲು ನನಗೆ ಮನಸ್ಸಿಲ್ಲ. ಲೆಕ್ಕ ತಪ್ಪಿಸಲೂ ಮನಸ್ಸಿಲ್ಲ.

ಈ ಕೆಲಸಕ್ಕೆ ಬರುವವರಿಗೆ ನನ್ನದು ಇಷ್ಟೇ. ತೋಳನ್ನು ತೂಗಿರಿ, ರಬ್ಬರನ್ನು ನಿಮ್ಮ ಊರಿನ ಬೇಸಿಗೆಯಲ್ಲಿ ನೋಡಿರಿ, ಕೂಲರನ್ನು ಮೇಜಿನಿಂದ ದೂರ ಇಡಿಸಿರಿ. ತೋಳಿನ ತಲೆಯ ಮೇಲೆ ನಾಣ್ಯವಿದ್ದರೆ ಮನೆಯವರ ಕೈಯಿಂದಲೇ ತೆಗೆಸಿರಿ. ಆದರೆ ತೆಗೆಸುವ ಮೊದಲು, ಆ ಯಂತ್ರದ ಮುಂದೆ ಕುಳಿತು ಯಾರಾದರೂ ಹಾಡಲು ಕಲಿತಿದ್ದಾರೆಯೇ ಎಂದು ಕೇಳಿಕೊಳ್ಳಿರಿ.